ಕೋವಿ ಸಿಕ್ಕಿತು, ಮನೆಗೆ ಬರೋದು ಯಾವಾಗ?

ಠಾಣೆಯ ಮೇಜಿನ ಮೇಲೆ ಗೋಣಿ ಬಿಚ್ಚಿದಾಗ ಚಿಕ್ಕಪ್ಪನಿಗೆ ಮೊದಲು ಗುರುತೇ ಸಿಗಲಿಲ್ಲ. ಕಳುವಾಗಿದ್ದ ಅಜ್ಜನ ಜೋಡಿ ನಳಿಗೆ ಕೋವಿ ಅಂದರೆ ಕಪ್ಪಗೆ ಮಿಂಚುವ ಕಬ್ಬಿಣ, ಜೇನಿನ ಬಣ್ಣದ ಮರ. ಇಲ್ಲಿದ್ದದ್ದು ಕೆಮ್ಮಣ್ಣು ಬಳಿದಂತಿದ್ದ ಎರಡು ಪೈಪು. ಹಿಡಿಯ ಹತ್ತಿರ ಮರ ಸೀಳಿತ್ತು. ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ಬೈಂಡಿಂಗ್ ವೈರ್ ಬಿಗಿದಿದ್ದರು. ಚಿಕ್ಕಪ್ಪ ಬಗ್ಗಿ ಮರದ ಹಿಂಬದಿ ನೋಡಿದರು. ಹಳೇ ಜೀಪಿನ ಬಾಗಿಲಿಗೆ ಸಿಕ್ಕಿ ಆಗಿದ್ದ ಕಚ್ಚು ಅಲ್ಲೇ ಇತ್ತು.

"ನಮ್ಮದೇ," ಅಂದರು.

"ಕಚ್ಚು ನೋಡಿ ಕೊಡೋಕಾಗಲ್ಲ ಸಾರ್, ನಂಬರ್ ಬೇಕು," ಅಂದರು ಹೆಡ್ ಕಾನ್‌ಸ್ಟೇಬಲ್.

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಕಳುವಾದ ಹಸು ಸಿಕ್ಕರೆ ಹೆಸರು ಹಿಡಿದು ಕರೆದರೆ ಸಾಕು, ತಿರುಗಿ ನೋಡುತ್ತೆ. ಕೋವಿಯನ್ನು ಕಾನೂನು ಗುರುತಿಸೋದು ನಂಬರಿನಿಂದ ಮಾತ್ರ. ಸಿಕ್ಕ ದಿನದಿಂದ ಅದು ಮನೆಯ ಗೋಡೆ ಸೇರೋವರೆಗೆ ಎಷ್ಟು ಮೆಟ್ಟಿಲು ಹತ್ತಬೇಕು ಅಂತ ನಮಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಮೂಡಿಗೆರೆ, ಸಕಲೇಶಪುರ, ಆಲೂರು, ಕೊಪ್ಪದ ಕಡೆ ತೋಟದ ಮನೆಗಳಲ್ಲಿ ಕೋವಿ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಕಥೆ ಚಿಕ್ಕದು. ಕಾಫಿ ಹಣ್ಣು ಕೊಯ್ಲಿನ ಸಮಯ, ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದೆವು. ಹಿಂಬಾಗಿಲಿನ ಚಿಲಕ ಕಿತ್ತು ಬಂದವರು ಗೋದ್ರೇಜ್ ಬೀರು ಮುಟ್ಟಲಿಲ್ಲ, ಕೋವಿ ತೆಗೆದುಕೊಂಡು ಹೋದರು. ಅದು ಗೋಡೆಗೆ ನೇತು ಹಾಕಿದಂತೆಯೇ ಇತ್ತು, ಬೀಗ ಇರಲಿಲ್ಲ. ತಪ್ಪು ನಮ್ಮದೇ. 2016ರ ಆಯುಧ ನಿಯಮಗಳ ಪ್ರಕಾರ ಕೋವಿಯನ್ನು ಬೀಗ ಹಾಕಿ ಭದ್ರವಾಗಿಡುವುದು ಲೈಸೆನ್ಸ್‌ದಾರನ ಹೊಣೆ. ಹಾಗಿದ್ದರೂ ಚಿಕ್ಕಪ್ಪ ಆ ರಾತ್ರಿಯೇ ಠಾಣೆಗೆ ಹೋಗಿ ದೂರು ಕೊಟ್ಟರು. ನಮ್ಮನ್ನು ಉಳಿಸಿದ್ದು ಆ ಒಂದು ಕೆಲಸ.

ಯಾಕೆ ಅಂದರೆ, ಕೋವಿ ಕಳುವಾದರೆ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕು ಅನ್ನೋದು ಲೈಸೆನ್ಸಿನ ಷರತ್ತು. "ಎರಡು ದಿನ ಹುಡುಕಿ ನೋಡೋಣ, ಆಳುಗಳನ್ನ ಕೇಳೋಣ" ಅಂತ ಕೂತರೆ ಷರತ್ತು ಮುರಿದ ಹಾಗೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆ ಎರಡು ದಿನದಲ್ಲಿ ಯಾರೋ ಅದರಿಂದ ಈಡು ಹೊಡೆದರೆ, ಕೋವಿ ನಿಮ್ಮ ಕೈಯಲ್ಲಿರಲಿಲ್ಲ ಅನ್ನೋದಕ್ಕೆ ಕಾಗದ ಇರೋದಿಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಇದು ನಮ್ಮ ವ್ಯಾಪ್ತಿ ಅಲ್ಲ ಅಂತ ಯಾವ ಠಾಣೆಯವರೂ ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿ ಇದೆಲ್ಲ ಇದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತಲೂ ಅದೇ ಸಂಹಿತೆ ಹೇಳುತ್ತದೆ. ಕಳ್ಳ ಸಿಗದಿದ್ದರೆ ಪೊಲೀಸರು 'ಸಿ' ರಿಪೋರ್ಟ್ ಹಾಕುತ್ತಾರೆ. ಅಂದರೆ ಪತ್ತೆಯಾಗಲಿಲ್ಲ ಅಂತ. ಅದನ್ನು ನೋಡಿ ಕೈ ಚೆಲ್ಲಬೇಡಿ, ಮುಂದೆ ಮಾಲು ಸಿಕ್ಕರೆ ಕೇಸು ಮತ್ತೆ ತೆರೆಯುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ ದೂರೇ ಕೊಡುವುದಿಲ್ಲ. ಲೈಸೆನ್ಸ್ ಅಜ್ಜನ ಹೆಸರಲ್ಲಿರುತ್ತದೆ. ಅಜ್ಜ ತೀರಿಕೊಂಡು ಆರು ವರ್ಷ ಆಗಿರುತ್ತದೆ. ಕೋವಿ ಮಾತ್ರ ಮನೆಯಲ್ಲೇ. ಲೈಸೆನ್ಸ್‌ದಾರ ತೀರಿಕೊಂಡ ದಿನದಿಂದ ಅದನ್ನು ಮನೆಯಲ್ಲಿಟ್ಟುಕೊಳ್ಳೋದು ಕಾನೂನಿಗೆ ಹೊರಗಿನದು. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಡೆಪಾಸಿಟ್ ಮಾಡಿ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು. ಅಜ್ಜ ಬದುಕಿದ್ದಾಗಲೇ ಮಾಡಿಸಿಕೊಳ್ಳಬಹುದು. ಲೈಸೆನ್ಸ್‌ದಾರರಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಕೋವಿ 25 ವರ್ಷದಿಂದ ಅವರ ಬಳಿ ಇದ್ದರೆ, ವಾರಸುದಾರರ ಹೆಸರಿಗೆ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶ ಇದೆ. ಪಕ್ಕದ ಕೊಡಗಿನವರ ಉದಾಹರಣೆ ಕೊಟ್ಟು "ನಮಗೂ ಅಷ್ಟೇ" ಅನ್ನುವವರಿದ್ದಾರೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೆ. ಗಡಿ ದಾಟಿದ ಮೇಲೆ ಹಾಸನದವರಿಗೂ ಇಲ್ಲ, ಚಿಕ್ಕಮಗಳೂರಿನವರಿಗೂ ಇಲ್ಲ.

ಈಗ ನಂಬರಿನ ವಿಷಯ. ನಮ್ಮ ಕೋವಿಯಲ್ಲಿ ಟ್ರಿಗರ್ ಸುತ್ತಿನ ಬಳೆಯ ಬಾಲದ ಮೇಲಿದ್ದ ನಂಬರನ್ನು ಅರ ಹಾಕಿ ಉಜ್ಜಿದ್ದರು. ನಾವು ಸುಸ್ತು. ಆದರೆ ಇಂಗ್ಲೆಂಡಿನ ಹಳೇ ಜೋಡಿ ನಳಿಗೆಗಳಲ್ಲಿ ನಂಬರ್ ಒಂದೇ ಕಡೆ ಇರೋದಿಲ್ಲ. ಕೋವಿ ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ಮರ ಸೇರಿದ ಹಿಂಭಾಗ, ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರದ ತುಂಡು. ಸಾಮಾನ್ಯವಾಗಿ ಮೂರರ ಮೇಲೂ ಒಂದೇ ನಂಬರ್ ಹೊಡೆದಿರುತ್ತಾರೆ, ಒಂದರ ಭಾಗ ಇನ್ನೊಂದಕ್ಕೆ ಸೇರದಿರಲಿ ಅಂತ. ಠಾಣೆಗೆ ಬಂದ ಆರ್ಮರರ್, ಅಂದರೆ ಪೊಲೀಸರ ಆಯುಧ ನೋಡಿಕೊಳ್ಳುವವರು, ಆ ಚಿಕ್ಕ ಮರದ ತುಂಡನ್ನು ಕಿತ್ತು ತಿರುಗಿಸಿದರು. ಒಳಗಿನ ಕಬ್ಬಿಣದ ಮೇಲೆ, ಗಟ್ಟಿಯಾದ ಹಳೇ ಎಣ್ಣೆಯ ಕೆಳಗೆ ನಂಬರ್ ಹೊಸದರಂತೆ ಇತ್ತು. ಕಳ್ಳನಿಗೆ ಅದನ್ನು ಬಿಚ್ಚಬಹುದು ಅಂತಲೇ ಗೊತ್ತಿರಲಿಲ್ಲ.

ಎಲ್ಲಾ ಕಡೆ ಉಜ್ಜಿದ್ದರೂ ದಾರಿ ಮುಚ್ಚೋದಿಲ್ಲ. ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆದಾಗ ಅಂಕಿಯ ಗುಳಿ ಮಾತ್ರ ಬೀಳೋದಲ್ಲ, ಗುಳಿಯ ಕೆಳಗಿನ ಲೋಹವೂ ಒತ್ತಿ ಬಿಗಿಯುತ್ತದೆ. ಗುಳಿ ಮಾಯವಾಗುವಷ್ಟು ಉಜ್ಜಿದರೂ ಆ ಒತ್ತಡ ಕೆಳಗೆ ಉಳಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಜಾಗವನ್ನು ನುಣುಪು ಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಪರ್ ಕ್ಲೋರೈಡ್ ಕರಗಿಸಿದ ದ್ರಾವಣ ಸವರುತ್ತಾರೆ. ಒತ್ತಿದ ಲೋಹ ಮತ್ತು ಒತ್ತದ ಲೋಹ ಒಂದೇ ವೇಗದಲ್ಲಿ ಸವೆಯೋದಿಲ್ಲ. ನೋಡುತ್ತಿದ್ದ ಹಾಗೆ ಅಂಕಿ ಮೇಲೆದ್ದು ಬರುತ್ತದೆ, ಕೆಲವು ಸಲ ಒಂದು ಕ್ಷಣ ಕಂಡು ಮತ್ತೆ ಮಸುಕಾಗುತ್ತದೆ. ಅದಕ್ಕೇ ಫೋಟೋ ತೆಗೆಯುತ್ತಲೇ ಇರುತ್ತಾರೆ. ಹಾಗಾಗಿ ಸಿಕ್ಕ ಕೋವಿಯ ಆ ಜಾಗಕ್ಕೆ ಮರಳು ಕಾಗದ ಹಾಕಿ "ಕ್ಲೀನ್ ಮಾಡಿ ನೋಡೋಣ" ಅನ್ನೋ ಆಸೆ ಯಾರಿಗೂ ಬರಬಾರದು.

ನಮಗೆ ತಲೆನೋವು ಬಂದದ್ದು ಕೋವಿಯಿಂದಲ್ಲ, ಪುಸ್ತಕದಿಂದ. ಲೈಸೆನ್ಸ್ ಪುಸ್ತಕ ತುಂಬಿದಾಗ ಕಚೇರಿಯೊಂದರಲ್ಲಿ ಹೊಸ ಪುಸ್ತಕಕ್ಕೆ ಕೈಬರಹದಲ್ಲಿ ನಕಲು ಮಾಡಿದ್ದರು. ಆಗ ನಂಬರಿನಲ್ಲಿದ್ದ ಏಳು (7) ಅನ್ನೋ ಅಂಕಿ ಒಂದು (1) ಆಗಿಬಿಟ್ಟಿತ್ತು. ಎಫ್‌ಐಆರ್ ಬರೆಸಿದಾಗ ಚಿಕ್ಕಪ್ಪ ಅದೇ ಪುಸ್ತಕ ನೋಡಿ ಹೇಳಿದ್ದರು. ಈಗ ಕೋವಿಯ ಮೇಲೆ ಒಂದು ನಂಬರ್, ದೂರಿನಲ್ಲಿ ಇನ್ನೊಂದು. ವಕೀಲರು ಕೇಳಿದರು: "ಎಲೆಕ್ಷನ್ ಡೆಪಾಸಿಟ್ ರಸೀದಿ ಇಟ್ಕೊಂಡಿದ್ದೀರಾ?"

ಮಲೆನಾಡಿನವರಿಗೆ ಇದು ಗೊತ್ತಿರುವ ಕೆಲಸ. ಚುನಾವಣೆ ಘೋಷಣೆಯಾದರೆ ಕೋವಿ ಹೊತ್ತು ಠಾಣೆಗೆ ಹೋಗಬೇಕು, ಫಲಿತಾಂಶ ಬಂದ ಮೇಲೆ ವಾಪಸ್ ತರಬೇಕು. ಪ್ರತಿ ಸಲ ಒಂದು ರಸೀದಿ. ನಾವೆಲ್ಲ ಬೈದುಕೊಳ್ಳುತ್ತಾ ಮಾಡುವ ಕೆಲಸ. ಚಿಕ್ಕಮ್ಮ ಅವನ್ನು ಕಾಫಿ ಕ್ಯೂರಿಂಗ್ ಬಿಲ್ಲುಗಳ ಜೊತೆ ದಾರದಲ್ಲಿ ಪೋಣಿಸಿಟ್ಟಿದ್ದರು. 2018, 2023, 2024, ಮೂರು ರಸೀದಿ ಸಿಕ್ಕವು. ಮೂರರಲ್ಲೂ ಠಾಣೆಯವರು ಕೋವಿ ನೋಡಿ ಬರೆದುಕೊಂಡ ನಂಬರ್, ಮೂರರಲ್ಲೂ ಏಳು ಏಳೇ ಆಗಿತ್ತು. ಅಜ್ಜನ ಕಾಲದ ಹಳೇ ಪುಸ್ತಕವೂ ಟ್ರಂಕಿನಲ್ಲಿತ್ತು. ಅಷ್ಟು ಸಾಕಾಯಿತು.

ಒಂದು ಗೊಂದಲ ಜಾಸ್ತಿ ಜನರಿಗೆ ಇದೆ. ಈಗ ಲೈಸೆನ್ಸಿಗೆ ಯುಐಎನ್ ಅಂತ ಒಂದು ಸಂಖ್ಯೆ ಇರುತ್ತದೆ, ದೇಶದ ಡೇಟಾಬೇಸಿನಲ್ಲಿ ಸೇರಿಸಿದ್ದು. ಅದು ಲೈಸೆನ್ಸ್‌ದಾರನ ಗುರುತು, ಕೋವಿಯದ್ದಲ್ಲ. ಹಾಗೆಯೇ ನಳಿಗೆಯ ಅಡಿಯಲ್ಲಿ ಕಿರೀಟ, ಅಕ್ಷರ, ವಜ್ರದಾಕಾರದೊಳಗೆ 12 ಅಂತೆಲ್ಲ ಅಚ್ಚು ಇರುತ್ತದೆ. ಅವು ಪರೀಕ್ಷೆಯ ಮುದ್ರೆಗಳು, ಸೀರಿಯಲ್ ನಂಬರ್ ಅಲ್ಲ. ಅದನ್ನೇ ನಂಬರ್ ಅಂತ ಬರೆಸಿಕೊಂಡ ಪುಸ್ತಕವನ್ನೂ ನಾನು ನೋಡಿದ್ದೇನೆ.

ನಂಬರ್ ಹೊಂದಿತು. ಇನ್ನು ಮನೆಗೆ ತರಬಹುದು ಅಲ್ವಾ? ಇಲ್ಲ. ಠಾಣೆಯವರು ಕೊಡುವ ಹಾಗಿಲ್ಲ, ಕೋರ್ಟ್ ಕೊಡಬೇಕು. ಪೊಲೀಸರು ಪಂಚರ ಎದುರು ಮಹಜರು ಮಾಡಿ ವಶಪಡಿಸಿಕೊಂಡ ಮಾಲನ್ನು ಪ್ರಾಪರ್ಟಿ ಫಾರಂನಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡುತ್ತಾರೆ. ಅದಕ್ಕೊಂದು ಪಿ.ಎಫ್. ನಂಬರ್ ಇರುತ್ತದೆ. ಮೊದಲು ಅದನ್ನು ಬರೆದುಕೊಳ್ಳಿ. ನಮ್ಮ ಕೋವಿ ಕಳುವಾದದ್ದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಸಿಕ್ಕಿದ್ದು ಹಾಸನ ಜಿಲ್ಲೆಯಲ್ಲಿ, ಬೇರೆಯೇ ಕೇಸಿನಲ್ಲಿ. ಎರಡು ಎಫ್‌ಐಆರ್, ಎರಡು ಕೋರ್ಟ್. ಅರ್ಜಿ ಹಾಕಬೇಕಾದದ್ದು ಮಾಲು ಯಾವ ಕೋರ್ಟಿನ ಪಿ.ಎಫ್.ನಲ್ಲಿದೆಯೋ ಅಲ್ಲಿ. ನಾವು ನಮ್ಮೂರ ಕೋರ್ಟಿಗೇ ಎರಡು ಸಲ ಅಲೆದು ಆಮೇಲೆ ಇದನ್ನು ಕಲಿತೆವು.

ನಾಗರಿಕ ಸುರಕ್ಷಾ ಸಂಹಿತೆಯ ಎರಡು ಸೆಕ್ಷನ್ ಇಲ್ಲಿ ಕೆಲಸಕ್ಕೆ ಬರುತ್ತವೆ. ಮಾಲು ಕೋರ್ಟಿನ ಮುಂದೆ ಬಂದಿದ್ದರೆ 497, ಪೊಲೀಸರ ವಶದಲ್ಲೇ ಇದ್ದು ವರದಿ ಮಾತ್ರ ಹೋಗಿದ್ದರೆ 503. ಇದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಹಳೇ ಸಿಆರ್‌ಪಿಸಿಯಲ್ಲಿ ಇವೇ 451 ಮತ್ತು 457. ಹೊಸದರಲ್ಲಿ ಬಂದ ಬದಲಾವಣೆ ಅಂದರೆ ಗಡುವು. ಮಾಲು ಹಾಜರಾದ 14 ದಿನದೊಳಗೆ ಮ್ಯಾಜಿಸ್ಟ್ರೇಟರು ಅದರ ವಿವರ ಪಟ್ಟಿ ಮಾಡಬೇಕು, ಫೋಟೋ ತೆಗೆಸಬೇಕು, ಬೇಕಿದ್ದರೆ ವಿಡಿಯೋ. ಆ ಪಟ್ಟಿ, ಆ ಫೋಟೋ ಮುಂದೆ ಸಾಕ್ಷ್ಯವಾಗಿ ನಡೆಯುತ್ತವೆ. ಪಟ್ಟಿಯಾದ 30 ದಿನದೊಳಗೆ ಮಾಲಿನ ವಿಲೇವಾರಿಗೆ ಆದೇಶ ಆಗಬೇಕು. ಫೈಲು ಈ ವೇಗದಲ್ಲೇ ಓಡುತ್ತೆ ಅಂತ ನಾನು ಹೇಳೋದಿಲ್ಲ. ಕೇಳುವ ಹಕ್ಕಂತೂ ನಿಮಗಿದೆ. ಯಜಮಾನ ಯಾರು ಅಂತಲೇ ಗೊತ್ತಾಗದ ಮಾಲಿಗೆ ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯುತ್ತಾರೆ. ಅಷ್ಟರಲ್ಲಿ ಹಕ್ಕುದಾರರು ಬಾರದಿದ್ದರೆ ಅದು ಸರ್ಕಾರದ ಪಾಲಾಗಬಹುದು. ಕಳುವಾಗಿ ವರ್ಷವಾಯಿತು ಅಂತ ಮರೆತು ಕೂತವರಿಗೆ ಈ ಮಾತು.

ಅರ್ಜಿಯ ಜೊತೆ ಊರ್ಜಿತದಲ್ಲಿರುವ ಲೈಸೆನ್ಸ್ ಇರಲೇಬೇಕು. ಕೋವಿಯೇ ಇಲ್ಲ, ಲೈಸೆನ್ಸ್ ಯಾಕೆ ರಿನ್ಯೂ ಮಾಡಿಸಬೇಕು ಅಂತ ಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಲೈಸೆನ್ಸ್ ಇಲ್ಲದವರ ಕೈಗೆ ಕೋರ್ಟ್ ಕೋವಿ ಹೇಗೆ ಕೊಟ್ಟೀತು? 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಕೋವಿ. ಕಳುವಾದದ್ದರ ಬದಲಿಗೆ ಇನ್ನೊಂದು ಕೊಂಡಿದ್ದರೆ ಲೆಕ್ಕ ನೋಡಿಕೊಳ್ಳಿ.

ನಮ್ಮ ಕೋವಿಯಿಂದ ಕಾಡುಹಂದಿ ಹೊಡೆದಿದ್ದರು. ಅಲ್ಲಿಗೆ ಇನ್ನೊಂದು ಕಾನೂನು ಬಂತು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಪರಾಧಕ್ಕೆ ಬಳಸಿ ಜಪ್ತಿಯಾದ ಆಯುಧ ಸರ್ಕಾರದ ಸ್ವತ್ತು ಅಂತ ಅದರ 39ನೇ ಸೆಕ್ಷನ್ ಹೇಳುತ್ತದೆ. ಇದನ್ನು ಕೇಳಿ ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಧ್ಯಪ್ರದೇಶದ ಒಂದು ವಾಹನದ ಕೇಸಿನಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಜಪ್ತಿ ಆದ ಮಾತ್ರಕ್ಕೆ ಸ್ವತ್ತು ಸರ್ಕಾರದ್ದಾಗೋದಿಲ್ಲ, ಮಧ್ಯಂತರವಾಗಿ ಬಿಡುಗಡೆ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದ್ದೇ ಇದೆ. ಅದರ ಜೊತೆ ನಮ್ಮ ಎಫ್‌ಐಆರ್. ಹಂದಿ ಸತ್ತ ದಿನಕ್ಕಿಂತ ತಿಂಗಳುಗಟ್ಟಲೆ ಮೊದಲೇ ಕೋವಿ ಕಳುವಾಗಿದೆ ಅಂತ ಮುದ್ರೆ ಬಿದ್ದ ಕಾಗದ.

ಕೊನೆಗೆ ಬಾಂಡ್ ಬರೆಸಿಕೊಂಡು, ಜಾಮೀನು ತೆಗೆದುಕೊಂಡು ಕೊಟ್ಟರು. ಷರತ್ತು ಮೂರು: ಮಾರಬಾರದು, ಸ್ವರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು. ಎರಡನೆಯದು ಎಲ್ಲರೂ ಮರೆಯುವ ಷರತ್ತು. ಜೋಡಿ ನಳಿಗೆಯ ಒಳಗೆ ಸುರುಳಿ ಗೀರು ಇಲ್ಲ, ಹಾಗಾಗಿ ಚರೆ ನೋಡಿ ಇಂಥದೇ ಕೋವಿ ಅನ್ನೋಕಾಗಲ್ಲ. ಆದರೆ ಖಾಲಿ ತೋಟಾದ ಹಿಂಭಾಗದಲ್ಲಿ ಕೋವಿಯ ಸೂಜಿ (ಫೈರಿಂಗ್ ಪಿನ್) ಬಡಿದ ಗುರುತು ಉಳಿಯುತ್ತದೆ. ತಜ್ಞರು ಕೋವಿಯನ್ನು ಗುರುತಿಸೋದು ಅದರಿಂದ. ಕೇಸು ಮುಗಿಯುವ ಮೊದಲು ಆ ಸೂಜಿ ಬದಲಿಸಿದರೆ ನೀವು ಸಾಕ್ಷ್ಯವನ್ನೇ ಬದಲಿಸಿದ ಹಾಗೆ. ನಮ್ಮ ವಕೀಲರು ಅರ್ಜಿಯಲ್ಲೇ ಒಂದು ಸಾಲು ಸೇರಿಸಿದ್ದರು, ತುಕ್ಕು ಹೆಚ್ಚದಂತೆ ಎಣ್ಣೆ ಹಚ್ಚಲು ಅನುಮತಿ ಕೊಡಬೇಕು ಅಂತ. ಕೊಟ್ಟರು. ಅಲ್ಲಿಯವರೆಗೆ ಸೀಮೆಎಣ್ಣೆಯ ಬಾಟಲಿ ಹಿಡಿದು ಕೂತಿದ್ದ ಚಿಕ್ಕಪ್ಪ ಅವತ್ತು ಅದನ್ನು ಮುಟ್ಟಿದರು.

ರಿಪೇರಿಗೂ ಕಾನೂನು ಇದೆ. ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ತಯಾರಿ, ಮಾರಾಟದ ಜೊತೆಗೆ ರಿಪೇರಿ ಅನ್ನೋ ಪದವೂ ಇದೆ. ಅದಕ್ಕೆ ಲೈಸೆನ್ಸ್ ಇರುವವರೇ ಮಾಡಬೇಕು. ಊರಿನ ಆಚಾರ್ರು ಎಷ್ಟೇ ಕೈಚಳಕದವರಾಗಿರಲಿ, ಸುಮ್ನೆ ಅವರ ಹತ್ತಿರ ಕೊಟ್ಟರೆ ಅವರನ್ನೂ ಕೇಸಿಗೆ ಎಳೆದ ಹಾಗೆ. ಒರೆಸೋದು, ಎಣ್ಣೆ ಹಚ್ಚೋದು ಮನೆಯ ಕೆಲಸ. ಸ್ಕ್ರೂ ಬಿಚ್ಚೋದು ಅಲ್ಲ. ಕಳ್ಳರು ನಳಿಗೆ ಕತ್ತರಿಸಿದ್ದರಂತೂ ಕಥೆಯೇ ಬೇರೆ. ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡೋದು 6ನೇ ಸೆಕ್ಷನ್ನಿನಡಿ ಅಪರಾಧ. ರಕ್ಷಣೆಗೆ ಕೊಡುವ ನುಣುಪು ನಳಿಗೆ ಕೋವಿಯಲ್ಲಿ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು ಅಂತ 13ನೇ ಸೆಕ್ಷನ್ನಿನಲ್ಲಿದೆ. ಅದಕ್ಕಿಂತ ಗಿಡ್ಡವಾದದ್ದನ್ನು ನಿಮ್ಮ ಲೈಸೆನ್ಸ್ ಕಾಪಾಡೋದಿಲ್ಲ.

ಕೇಸು ಮುಗಿದ ಮೇಲೆ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಯ್ದೆವು. ವಯಸ್ಸಾದ ಮೇಸ್ತ್ರಿ ಮೊದಲು ಮಾಡಿದ್ದು ನಳಿಗೆ ಬಗ್ಗಿಸಿ ತೆರೆದು ಒಳಗೆ ತೋಟಾ ಇಲ್ಲ ಅಂತ ನೋಡಿದ್ದು. ಎರಡನೆಯದು, ನಳಿಗೆಯ ಅಡಿ ಒರೆಸಿ ಕನ್ನಡಕ ಏರಿಸಿ ಮುದ್ರೆ ಓದಿದ್ದು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಒಂದು ಪ್ರೂಫ್ ಹೌಸ್ ಇದೆ, ಕೋವಿಗಳಿಗೆ ಜಾಸ್ತಿ ಮದ್ದು ತುಂಬಿ ಹೊಡೆದು, ತಡೆದುಕೊಂಡರೆ ಮುದ್ರೆ ಒತ್ತುವ ಜಾಗ. ನಮ್ಮ ಕಡೆಯ ಇನ್ನು ಕೆಲವು ಕೋವಿಗಳು ಬೆಲ್ಜಿಯಂನವು, ಅವುಗಳಲ್ಲಿ ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಅನ್ನೋ ಅಕ್ಷರ ಇರುತ್ತದೆ. ಮುದ್ರೆ ಯಾವ ಕಾಲದ್ದು ಅನ್ನೋದರ ಮೇಲೆ ಈ ಕೋವಿ ಕರಿ ಮದ್ದಿಗಷ್ಟೇ ಪರೀಕ್ಷೆಯಾಗಿದೆಯೋ, ಈಗಿನ ಹೊಗೆ ಬಾರದ ಮದ್ದಿಗೂ ಆಗಿದೆಯೋ ಗೊತ್ತಾಗುತ್ತದೆ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಬೆಸೆದದ್ದು. ತುಕ್ಕು ಆ ಬೆಸುಗೆಯ ಸಂದಿಗೆ ಇಳಿದಿರುತ್ತದೆ. ಎಷ್ಟು ಚಂದ ಕಂಡರೂ ಅದರಿಂದ ಹೊಡೆಯದೆ ಇರೋದು ಒಳ್ಳೇದು.

ತೋಟಾದ ಉದ್ದ ಇನ್ನೊಂದು ಮೋಸ. ಎಷ್ಟೋ ಹಳೇ ಕೋವಿಗಳಲ್ಲಿ ತೋಟಾ ಕೂರುವ ಕೋಣೆ 65 ಮಿಲಿಮೀಟರ್, ಈಗಿನ ತೋಟಾ ಸಾಮಾನ್ಯವಾಗಿ 70. ಹಾಕಿದರೆ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಆ 70 ಅನ್ನೋದು ತೋಟಾದ ಮಡಿಸಿದ ಬಾಯಿ ಬಿಚ್ಚಿದ ಮೇಲಿನ ಅಳತೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಕಿರಿದಾದ ಕಡೆಗೆ ಹೋಗಿ ಒತ್ತಡ ಏರುತ್ತದೆ. ತುಕ್ಕು ತಿಂದು ತೆಳುವಾದ ನಳಿಗೆ ಅದನ್ನು ತಡೆಯಬೇಕಲ್ಲ.

ಇನ್ನು ಆ ಕಪ್ಪು ಬಣ್ಣ. ಅದು ಪೇಂಟಲ್ಲ, ತುಕ್ಕೇ. ಕೆಂಪು ತುಕ್ಕು ಸಡಿಲ, ನೀರು ಹೀರಿಕೊಂಡು ಇನ್ನಷ್ಟು ತಿನ್ನುತ್ತದೆ. ಅದನ್ನು ಕುದಿಯುವ ನೀರಿನಲ್ಲಿಟ್ಟರೆ ಕಪ್ಪಾಗಿ ಗಟ್ಟಿಯಾಗುತ್ತದೆ, ಲೋಹಕ್ಕೆ ಹೊದಿಕೆಯಾಗುತ್ತದೆ. ಮೇಸ್ತ್ರಿ ಮಾಡಿದ್ದು ಇಷ್ಟೇ: ದ್ರಾವಣ ಸವರಿ ತೆಳುವಾಗಿ ತುಕ್ಕು ಬರಿಸಿ, ಕುದಿಸಿ, ನಯವಾದ ಉಕ್ಕಿನ ನಾರಿನಿಂದ ತಿಕ್ಕಿ, ಮತ್ತೆ ಸವರಿ. ದಿನಗಟ್ಟಲೆ ಹಿಡಿಯುತ್ತದೆ. ಬೇಗ ಆಗುವ ದಾರಿಯೂ ಇದೆ, ಸುಮಾರು 140 ಡಿಗ್ರಿ ಬಿಸಿಯ ಕಾಸ್ಟಿಕ್ ಉಪ್ಪಿನ ತೊಟ್ಟಿಯಲ್ಲಿ ಅದ್ದೋದು. ಒಂಟಿ ನಳಿಗೆಗೆ ಅದು ನಡೆಯುತ್ತೆ. ಜೋಡಿ ನಳಿಗೆಯಲ್ಲಿ ಎರಡು ನಳಿಗೆಯ ನಡುವಿನ ಪಟ್ಟಿಯನ್ನು ತವರ-ಸೀಸದ ಬೆಸುಗೆಯಲ್ಲಿ ಕೂರಿಸಿರುತ್ತಾರೆ, ಕಾಸ್ಟಿಕ್ ಆ ಬೆಸುಗೆಯನ್ನು ತಿಂದುಹಾಕುತ್ತದೆ. ಮೇಲೆ ಮಿಂಚುತ್ತಿರುತ್ತದೆ, ಒಳಗೆ ಸಡಿಲ. "ಬೇಗ ಮಾಡ್ಕೊಡ್ತೀನಿ ಅನ್ನೋರ ಹತ್ರ ಜೋಡಿ ನಳಿಗೆ ಕೊಡಬೇಡಿ," ಅಂದರು ಮೇಸ್ತ್ರಿ.

ಸೀಳಿದ ಮರವನ್ನು ಅಂಟು ಹಾಕಿ, ಒಳಗೊಂದು ಕಡ್ಡಿ ಕೂರಿಸಿ ಸೇರಿಸಿದರು. ಮೇಲೆ ಅಗಸೆ ಎಣ್ಣೆ, ಕೈಯಲ್ಲೇ ಉಜ್ಜಿದ್ದು. ಜೀಪಿನ ಬಾಗಿಲಿನ ಕಚ್ಚು ತುಂಬಿಸಲಾ ಅಂತ ಕೇಳಿದರು. ಚಿಕ್ಕಪ್ಪ ಬೇಡ ಅಂದರು. ನಳಿಗೆಯೊಳಗೆ ತುಕ್ಕು ಕೊರೆದ ಗುಳಿ ಕೆಲವು ಉಳಿದಿವೆ. ಅವನ್ನು ತೆಗೆಯಲು ಹೋದರೆ ಲೋಹ ಇನ್ನೂ ತೆಳುವಾಗುತ್ತೆ ಅಂತ ಮೇಸ್ತ್ರಿ ಹಾಗೇ ಬಿಟ್ಟರು.

ಈಗ ಅದು ಗೋಡೆಯ ಮೇಲಿಲ್ಲ. ಬಿಚ್ಚಿ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅಜ್ಜನ ಚರ್ಮದ ಚೀಲದಲ್ಲಿ ಇಡುತ್ತಿಲ್ಲ, ನಮ್ಮ ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಕಬ್ಬಿಣವನ್ನು ತಿನ್ನುತ್ತದೆ. ಮೂರೂ ಕಡೆಯ ನಂಬರಿನ ಫೋಟೋ ಚಿಕ್ಕಪ್ಪನ ಫೋನಿನಲ್ಲೂ ನನ್ನ ಫೋನಿನಲ್ಲೂ ಇದೆ. ಪುಸ್ತಕದಲ್ಲಿ ಒಂದಾಗಿದ್ದ ಏಳನ್ನು ಮತ್ತೆ ಏಳು ಮಾಡಿಸಲು ಡಿಸಿ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಸ್ವೀಕೃತಿ ಚೀಟಿಯನ್ನು ಚಿಕ್ಕಮ್ಮ ಅದೇ ದಾರಕ್ಕೆ ಪೋಣಿಸಿದ್ದಾರೆ.